2032ರ ತನಕ ಯಾಕೆ ಕಾಯಬೇಕು? ನ್ಯೂಯಾರ್ಕ್ ಶಾಸಕರಿಗೊಂದು ಬಹಿರಂಗ ಪತ್ರ

ನ್ಯೂಯಾರ್ಕ್ ರಾಜ್ಯದ ಮಾನ್ಯ ಗವರ್ನರ್ ಅವರಿಗೆ,
ಹಾಗೂ ಆಲ್ಬನಿಯಲ್ಲಿ ಕೂರುವ ಸೆನೆಟ್ ಮತ್ತು ಅಸೆಂಬ್ಲಿ ಸದಸ್ಯರಿಗೆ,

ನಮಸ್ಕಾರಗಳು.

2025ರ ಮೇ ತಿಂಗಳಲ್ಲಿ ನೀವು ರಾಜ್ಯದ ಬಜೆಟ್ ಪಾಸ್ ಮಾಡಿದಿರಿ. ಅದರ ಒಳಗೆ ಲೆಕ್ಕಪತ್ರಕ್ಕೆ ಸಂಬಂಧವೇ ಇಲ್ಲದ ಒಂದು ತಿದ್ದುಪಡಿಯೂ ಸೇರಿಕೊಂಡಿತ್ತು. ಖಾಸಗಿ ಶಾಲೆಯ ಪಾಠ ಸರ್ಕಾರಿ ಶಾಲೆಯ ಪಾಠಕ್ಕೆ ಹೆಚ್ಚುಕಮ್ಮಿ ಸರಿಸಮ ಇರಬೇಕು ಅನ್ನೋದು 19ನೇ ಶತಮಾನದ ಕೊನೆಯಿಂದ ಈ ರಾಜ್ಯದಲ್ಲಿ ಇರುವ ಕಾನೂನು. ಆ ಕಾನೂನನ್ನು ಪಾಲಿಸಿದ್ದೇವೆ ಎಂದು ತೋರಿಸಲು ಶಾಲೆಗಳಿಗೆ ನೀವು, ಮಕ್ಕಳಿಗೆ ಪರೀಕ್ಷೆ ಇಡುವುದೂ ಸೇರಿ, ಹೊಸ ಸುಲಭದ ದಾರಿಗಳನ್ನು ಕೊಟ್ಟಿರಿ. ಪೂರ್ತಿ ಜಾರಿಯನ್ನು 2032-33ರ ಶಾಲಾ ವರ್ಷಕ್ಕೆ ತಳ್ಳಿದಿರಿ. ನಿಮ್ಮದೇ ರಾಜ್ಯದ ಶಿಕ್ಷಣ ಕಮಿಷನರ್ ಬೆಟ್ಟಿ ರೋಸಾ ಇದನ್ನು ಬಹಿರಂಗವಾಗಿ ವಿರೋಧಿಸಿದರು. ನೀವು ಕೇಳಲಿಲ್ಲ. ನಾನು ಬರೆಯುತ್ತಿರುವುದು ಆ ತಿದ್ದುಪಡಿಯ ಬಗ್ಗೆ, ಮತ್ತು ಯೆಶಿವಾ ಅನ್ನೋ ಯಹೂದಿ ಧಾರ್ಮಿಕ ಶಾಲೆಗಳಲ್ಲಿ ಓದುವ ಹಸೀದಿ ಪಂಥದ, ಅಂದರೆ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ, ಗಂಡುಮಕ್ಕಳ ಬಗ್ಗೆ.

ನನ್ನ ಪರಿಚಯ ಚಿಕ್ಕದು. ಕರ್ನಾಟಕದಿಂದ ಬಂದು ಬ್ರೂಕ್ಲಿನ್‌ನಲ್ಲಿ ನೆಲೆಸಿದವನು. ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ. ಸಂಜೆ ಹೊತ್ತು, ಹೈಸ್ಕೂಲ್ ಮುಗಿಸದ ದೊಡ್ಡವರಿಗೆ ಸಮಾನತಾ ಪರೀಕ್ಷೆ ಪಾಸಾಗಲು ಗಣಿತ ಹೇಳಿಕೊಡುತ್ತೇನೆ. ಫೀಸೂ ಇಲ್ಲ, ಸಂಬಳವೂ ಇಲ್ಲ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಕನ್ನಡದಲ್ಲೂ ಬರೆದದ್ದು ಯಾಕೆಂದರೆ ಈ ರಾಜ್ಯದಲ್ಲಿ ತೆರಿಗೆ ಕಟ್ಟುವ, ಓಟು ಹಾಕುವ ಕನ್ನಡದವರು ಬಹಳ ಜನ ಇದ್ದೇವೆ. ಪಕ್ಕದ ಬೀದಿಯ ಮಕ್ಕಳ ಓದಿನ ವಿಷಯ ನಮಗೂ ಸೇರಿದ್ದು.

ನನ್ನ ತರಗತಿಗೆ ಎಲ್ಲ ಥರದವರೂ ಬರುತ್ತಾರೆ. ಮೆಕ್ಸಿಕೋದಿಂದ ಬಂದ ಅಡುಗೆಯವರು, ಹೈಟಿಯ ಅಜ್ಜಿಯರು, ಬಾಂಗ್ಲಾದೇಶದ ಟ್ಯಾಕ್ಸಿ ಚಾಲಕರು. ಅವರ ಮಧ್ಯೆ ಒಂದಿಷ್ಟು ಯುವಕರು ಇದೇ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಅಮೆರಿಕದ ಪ್ರಜೆಗಳು. ಹತ್ತು ಹನ್ನೆರಡು ವರ್ಷ ಶಾಲೆಗೆ ಹೋದವರು, ಅದೂ ಬೆಳಿಗ್ಗೆಯಿಂದ ರಾತ್ರಿ ತನಕ. ಆದರೂ ಇಂಗ್ಲಿಷ್‌ನಲ್ಲಿ ಒಂದು ಪುಟ ಬರೆಯಲು ಅವರಿಗೆ ಬೆವರು ಬರುತ್ತದೆ. ಅಮೆರಿಕದ ಅಂತರ್ಯುದ್ಧ ಯಾವಾಗ ಆಯಿತು ಅಂತ ಕೇಳಿದರೆ, ಹಾಗೊಂದು ಯುದ್ಧ ಆಗಿತ್ತಾ ಅಂತ ತಿರುಗಿ ಕೇಳುತ್ತಾರೆ. ಇವರು ಹಸೀದಿ ಯಹೂದಿ ಮನೆಗಳಿಂದ, ಗಂಡುಮಕ್ಕಳ ಯೆಶಿವಾಗಳಿಂದ ಬಂದವರು.

ಇವರು ದಡ್ಡರಲ್ಲ, ಖಂಡಿತ ಅಲ್ಲ. ಒಂದು ಸಂಜೆ ಪೈಥಾಗೊರಸ್ ಪ್ರಮೇಯ ಹೇಳುತ್ತಿದ್ದೆ. ಬದಿ ಒಂದು ಇರುವ ಚೌಕದ ಕರ್ಣ ಎಷ್ಟು ಅಂತ ಕೇಳಿದೆ. ಇನ್ನೂ ಬೋರ್ಡಿನ ಮೇಲೆ ಗೆರೆ ಎಳೆದಿರಲಿಲ್ಲ, ಒಬ್ಬ ಹುಡುಗ ಹೇಳಿಬಿಟ್ಟ: "ಒಂದು, ಮತ್ತೆ ಐದರಲ್ಲಿ ಎರಡು ಭಾಗ." ಎಲ್ಲಿಂದ ಗೊತ್ತು ಅಂದೆ. ತಾಲ್ಮುಡ್‌ನಲ್ಲಿ, ಅಂದರೆ ಯಹೂದಿ ಧರ್ಮಶಾಸ್ತ್ರದ ಹಳೆಯ ಗ್ರಂಥದಲ್ಲಿ, ಇದೆ ಎಂದ. ಆಮೇಲೆ ತಾನೇ ಸೇರಿಸಿದ, ಇದು ಪೂರ್ತಿ ಸರಿಯಾದ ಲೆಕ್ಕ ಅಲ್ಲ, ಸ್ವಲ್ಪ ಕಡಿಮೆ ಬರುತ್ತದೆ ಅಂತ ಮಧ್ಯಯುಗದ ವ್ಯಾಖ್ಯಾನಕಾರರು ಅಲ್ಲೇ ಅಂಚಿನಲ್ಲಿ ಬರೆದಿದ್ದಾರೆ ಎಂದು. ಅವನ ಮಾತು ನಿಜ. ಒಂದು ಮತ್ತು ಐದನೇ ಎರಡು ಅಂದರೆ 1.4. ನಿಜವಾದ ಉತ್ತರ 1.414ರಿಂದ ಮುಂದೆ ಹೋಗುತ್ತದೆ. ಆದರೆ 1.4 ಅಂತ ನಾನು ಬೋರ್ಡಿನ ಮೇಲೆ ಬರೆದಾಗ ಆ ಚುಕ್ಕೆ ಏನು ಅಂತ ಅವನಿಗೆ ತಿಳಿಯಲಿಲ್ಲ. ದಶಮಾಂಶವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. x ಅಂದರೆ ಏನು ಅಂತಲೂ ಗೊತ್ತಿರಲಿಲ್ಲ. ಇಪ್ಪತ್ತು ದಾಟಿದ ಹುಡುಗ. ತಾಲ್ಮುಡ್‌ನ ಅರಾಮಿಕ್ ಭಾಷೆಯ ಪಠ್ಯವನ್ನು ಬಾಯಿಪಾಠ ಹೇಳಬಲ್ಲ, ಅದರ ಮೇಲೆ ಗಂಟೆಗಟ್ಟಲೆ ವಾದ ಮಾಡಬಲ್ಲ.

ಇಂಥ ತಲೆ ಇರುವವನಿಗೆ ಬೀಜಗಣಿತ ಕಲಿಸಲು ಎಷ್ಟು ಹೊತ್ತು ಬೇಕು ಹೇಳಿ? ಬಹಳ ಬೇಡ. ಅವನು ಈಗ ಭರ್ರನೆ ಕಲಿಯುತ್ತಿದ್ದಾನೆ. ಹಾಗಾದರೆ ಹತ್ತನೇ ವಯಸ್ಸಿನಲ್ಲಿ ಯಾಕೆ ಕಲಿಸಲಿಲ್ಲ?

ಇದು ಒಬ್ಬಿಬ್ಬರ ಕತೆ ಅಲ್ಲ, ಮತ್ತು ನಿಮಗೆ ಇದು ಹೊಸ ಸುದ್ದಿಯೂ ಅಲ್ಲ. 2012ರಲ್ಲಿ ಇಂಥ ಶಾಲೆಗಳಲ್ಲೇ ಓದಿದ ಯುವಕರು ಯಾಫೆಡ್ ಅನ್ನೋ ಸಂಘ ಕಟ್ಟಿದರು. 2015ರಲ್ಲಿ ಹಳೆಯ ವಿದ್ಯಾರ್ಥಿಗಳು, ಅಪ್ಪ ಅಮ್ಮಂದಿರು, ಮಾಜಿ ಶಿಕ್ಷಕರು, ಒಟ್ಟು 52 ಜನ ಸಹಿ ಹಾಕಿ ನಗರದ ಶಿಕ್ಷಣ ಇಲಾಖೆಗೆ ದೂರು ಕೊಟ್ಟರು. 39 ಯೆಶಿವಾಗಳ ಹೆಸರು ಅದರಲ್ಲಿ ಇತ್ತು. ದೂರಿನ ಸಾರ ಸರಳ. ಚಿಕ್ಕ ಹುಡುಗರಿಗೆ ದಿನದ ಕೊನೆಯಲ್ಲಿ, ಸುಸ್ತಾದ ಮೇಲೆ, ಸುಮಾರು ಒಂದೂವರೆ ಗಂಟೆ ಇಂಗ್ಲಿಷ್ ಮತ್ತು ಗಣಿತ. ವಿಜ್ಞಾನ, ಇತಿಹಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹದಿಮೂರು ತುಂಬಿದ ಮೇಲೆ ಅದೂ ಇಲ್ಲ.

ತನಿಖೆ ಶುರುವಾಯಿತು. ಶುರುವಾಯಿತು ಅಂತ ಹೇಳಿದ್ದೇ ಬಂತು. ವರ್ಷಗಳು ಉರುಳಿದವು. 2018ರಲ್ಲಿ ಸೆನೆಟರ್ ಸಿಮ್ಹಾ ಫೆಲ್ಡರ್ ರಾಜ್ಯದ ಬಜೆಟ್ಟನ್ನೇ ತಡೆದು ನಿಲ್ಲಿಸಿ, ಯೆಶಿವಾಗಳಿಗೆ ಬೇರೆ ಅಳತೆಗೋಲು ಬೇಕು ಅಂತ ಕಾನೂನು ಬದಲಿಸಿಕೊಂಡರು. ನಗರದ ವರದಿ ಹೊರಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಅಧಿಕಾರಿಗಳು 28 ಶಾಲೆಗಳಿಗೆ ಹೋಗಿ ನೋಡಿದ್ದರು. ಕಾನೂನಿನ ಮಟ್ಟ ಮುಟ್ಟಿದ್ದು ಎಷ್ಟು? 2. ಅದಕ್ಕೂ ಮುಂಚೆ ಬರಬೇಕಿದ್ದ ಮಧ್ಯಂತರ ವರದಿ ತಡ ಆಗಿದ್ದರ ಹಿಂದೆ ರಾಜಕೀಯ ಕೊಡು-ಕೊಳ್ಳುವಿಕೆ ಇತ್ತು ಅಂತ ನಗರದ್ದೇ ತನಿಖಾ ಇಲಾಖೆ ಅದೇ ತಿಂಗಳು ಹೇಳಿತು.

ಅದೇ 2019ರಲ್ಲಿ ಬ್ರೂಕ್ಲಿನ್‌ನ ಒಂದು ದೊಡ್ಡ ಯೆಶಿವಾ ತನ್ನ ಹುಡುಗರನ್ನು ರಾಜ್ಯದ ಓದು ಮತ್ತು ಗಣಿತ ಪರೀಕ್ಷೆಗೆ ಕೂರಿಸಿತು. ಸಾವಿರಕ್ಕಿಂತ ಜಾಸ್ತಿ ಮಕ್ಕಳು. ಒಬ್ಬನೂ ಪಾಸಾಗಲಿಲ್ಲ. ಇದನ್ನು 2022ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದಾಗ ದೊಡ್ಡ ಗದ್ದಲವಾಯಿತು. ಹಿಂದಿನ ನಾಲ್ಕು ವರ್ಷದಲ್ಲಿ ಹಸೀದಿ ಗಂಡುಮಕ್ಕಳ ಶಾಲೆಗಳಿಗೆ 100 ಕೋಟಿ ಡಾಲರಿಗಿಂತ ಹೆಚ್ಚು ಸರ್ಕಾರಿ ಹಣ ಹೋಗಿದೆ ಅಂತಲೂ ಅದೇ ವರದಿ ಹೇಳಿತು. ಬಸ್ಸು, ಊಟ, ಬಡಮಕ್ಕಳ ನೆರವು, ಮಕ್ಕಳ ಆರೈಕೆಯ ವೋಚರ್, ಹೀಗೆ ಹಲವು ದಾರಿಯಲ್ಲಿ. ಬಡವರ ಮಕ್ಕಳಿಗೆ ಊಟ ಕೊಡುವುದು ತಪ್ಪು ಅಂತ ನಾನು ಎಂದೂ ಹೇಳುವುದಿಲ್ಲ. ಆದರೆ ಅಷ್ಟು ಹಣ ಕೊಡುವವರಿಗೆ ಮಗು ಏನು ಕಲಿಯುತ್ತಿದೆ ಅಂತ ಕೇಳುವ ಬಾಯಿಯೂ ಇರಬೇಕಲ್ವಾ?

ಟೈಮ್ಸ್ ವರದಿ ಬಂದ ಅದೇ ವಾರ ರಾಜ್ಯದ ಶಿಕ್ಷಣ ಮಂಡಳಿಯಾದ ಬೋರ್ಡ್ ಆಫ್ ರೀಜೆಂಟ್ಸ್ ಈ ಸರಿಸಮ ಪಾಠದ ಕಾನೂನನ್ನು ಜಾರಿ ಮಾಡಲು ಒಮ್ಮತದಿಂದ ಹೊಸ ನಿಯಮ ತಂದಿತು. 2023ರ ಜೂನ್ ಕೊನೆಗೆ, ದೂರು ಕೊಟ್ಟು ಸುಮಾರು ಎಂಟು ವರ್ಷ ಆದಮೇಲೆ, ನಗರ 18 ಶಾಲೆಗಳು ಮೂಲ ಶಿಕ್ಷಣ ಕೊಡುತ್ತಿಲ್ಲ ಅಂತ ಹೇಳಿತು. ನಿಯಮಗಳ ವಿರುದ್ಧ ಯೆಶಿವಾ ಪರ ಸಂಘಟನೆಗಳು ಕೋರ್ಟಿಗೆ ಹೋದವು. 2025ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಿಯಮಗಳನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ನೀವು ಒಂದು ತಿಂಗಳ ಹಿಂದೆಯೇ ಕಾನೂನಿನ ಬುಡ ಸಡಿಲ ಮಾಡಿಯಾಗಿತ್ತು. ಕೋರ್ಟಿನಲ್ಲಿ ಮಕ್ಕಳು ಗೆದ್ದರು, ಬಜೆಟ್ಟಿನಲ್ಲಿ ಸೋತರು.

ಮಾನ್ಯರೇ, ಯೆಶಿವಾ ಪರ ನಿಲ್ಲುವವರ ವಾದವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಅವರ ಭಯಕ್ಕೆ ಇತಿಹಾಸ ಇದೆ. ಇಂದಿನ ಬೆಲರೂಸ್‌ನಲ್ಲಿರುವ ವೊಲೋಜಿನ್ ಊರಿನಲ್ಲಿ 1803ರಲ್ಲಿ ಶುರುವಾದ ಯೆಶಿವಾ ಪೂರ್ವ ಯುರೋಪಿನ ಯಹೂದಿ ವಿದ್ಯೆಗೆ ತಾಯಿಬೇರು. ರಷ್ಯಾದ ಝಾರ್ ಸರ್ಕಾರ ಅಲ್ಲಿ ಲೌಕಿಕ ಪಾಠ ಇರಲೇಬೇಕು ಅಂತ ಷರತ್ತಿನ ಮೇಲೆ ಷರತ್ತು ಹಾಕಿತು. 1892ರಲ್ಲಿ ಅದನ್ನು ಮುಚ್ಚಿಸಿಯೇ ಬಿಟ್ಟಿತು. ಆಮೇಲೆ ಬಂದ ಸೋವಿಯತ್ ಸರ್ಕಾರ ಮಕ್ಕಳ ಧಾರ್ಮಿಕ ಶಾಲೆಗಳನ್ನೇ ಕಾನೂನುಬಾಹಿರ ಮಾಡಿತು. ಸರ್ಕಾರದ ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿದರೆ ಒಳ್ಳೆಯದಕ್ಕಲ್ಲ ಅಂತ ಆ ಜನ ಮೈಮೇಲೆ ಬರೆ ಹಾಕಿಸಿಕೊಂಡು ಕಲಿತಿದ್ದಾರೆ.

ಅದಕ್ಕಿಂತ ಘೋರವಾದದ್ದು ಆಮೇಲೆ ಬಂತು. 1944ರ ಮೇಯಿಂದ ಜುಲೈ ಒಳಗೆ ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದರು, ಹೆಚ್ಚಿನವರನ್ನು ಆಶ್ವಿಟ್ಝ್‌ಗೆ. ಆಗ ಹಂಗೇರಿಯಲ್ಲಿದ್ದ ಸತ್ಮಾರ್ ಊರಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಯೋಯೆಲ್ ಟೈಟಲ್‌ಬಾಮ್ ಬದುಕಿ ಉಳಿದು 1946ರಲ್ಲಿ ನ್ಯೂಯಾರ್ಕಿಗೆ ಬಂದರು. ವಿಲಿಯಮ್ಸ್‌ಬರ್ಗ್‌ನಲ್ಲಿ ಅಳಿದುಳಿದವರನ್ನು ಒಟ್ಟುಮಾಡಿ ಒಂದು ಸಮುದಾಯವನ್ನು ಮತ್ತೆ ಕಟ್ಟಿದರು. ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಮಾತು, ಉಡುಪು, ಓದುವ ಕ್ರಮ, ಎಲ್ಲವನ್ನೂ ಉಳಿಸಿಕೊಂಡರು. ಆ ಯೆಶಿವಾಗಳು ಬರೀ ಶಾಲೆಗಳಲ್ಲ. ನಮ್ಮನ್ನು ಅಳಿಸಲು ಬಂದವರಿಗೆ ನಾವು ಕೊಟ್ಟ ಉತ್ತರ ಅಂತ ಅವರು ಭಾವಿಸುತ್ತಾರೆ. ಅದನ್ನು ನಾನು ಗೌರವಿಸುತ್ತೇನೆ.

ಭಾಷೆಯ ವಿಷಯಕ್ಕೆ ಬಂದರೆ ನನಗೆ ಹೊಟ್ಟೆಕಿಚ್ಚೂ ಇದೆ. ಇಲ್ಲಿನ ಕನ್ನಡ ಕೂಟದವರು ವಾರಕ್ಕೊಮ್ಮೆ ಮಕ್ಕಳನ್ನು ಕೂರಿಸಿಕೊಂಡು ಅ ಆ ಇ ಈ ತಿದ್ದಿಸುತ್ತಾರೆ. ಮಕ್ಕಳು ಇಂಗ್ಲಿಷ್‌ನಲ್ಲೇ ಆಕಳಿಸುತ್ತಾರೆ. ಅದೇ ಬ್ರೂಕ್ಲಿನ್‌ನಲ್ಲಿ ಹಸೀದಿ ಮಕ್ಕಳು ಬೀದಿಯಲ್ಲಿ ಯಿಡ್ಡಿಷ್‌ನಲ್ಲಿ ಜಗಳ ಆಡುತ್ತಾರೆ. ಮೂರನೇ, ನಾಲ್ಕನೇ ತಲೆಮಾರಿನ ಮಕ್ಕಳು! ಅದು ಸುಮ್ನೆ ಆಗುವ ಕೆಲಸ ಅಲ್ಲ. ಆದ್ದರಿಂದ ಯಿಡ್ಡಿಷ್ ಬಿಡಿಸಿ ಅಂತ ಹೇಳುವವರ ಜೊತೆ ನನ್ನನ್ನು ಸೇರಿಸಬೇಡಿ. ತಾಲ್ಮುಡ್ ಓದಿನ ಗಂಟೆ ಕಡಿಮೆ ಮಾಡಲೇಬೇಕು ಅಂತಲೂ ಅಲ್ಲ. ಬೆಳಿಗ್ಗೆಯಿಂದ ರಾತ್ರಿ ತನಕ ಇರುವ ಶಾಲಾ ದಿನದಲ್ಲಿ ಎರಡಕ್ಕೂ ಜಾಗ ಇದೆ.

ಜಾಗ ಇದೆ ಅನ್ನುವುದಕ್ಕೆ ಸಾಕ್ಷಿ ಆ ಪರಂಪರೆಯ ಒಳಗೇ ಇದೆ. ತಾಲ್ಮುಡ್‌ನ ಕಿದ್ದುಶಿನ್ ಭಾಗದಲ್ಲಿ ಅಪ್ಪ ಮಗನಿಗೆ ಮಾಡಬೇಕಾದ ಕರ್ತವ್ಯಗಳ ಪಟ್ಟಿ ಬರುತ್ತದೆ. ತೋರಾ ಅನ್ನೋ ಮೂಲ ಧರ್ಮಗ್ರಂಥ ಕಲಿಸಬೇಕು, ಮದುವೆ ಮಾಡಿಸಬೇಕು, ಒಂದು ಕಸುಬು ಕಲಿಸಬೇಕು. ಈಜು ಕಲಿಸಬೇಕು ಅಂತಲೂ ಕೆಲವರು ಸೇರಿಸುತ್ತಾರೆ. ಮಗನಿಗೆ ಕಸುಬು ಕಲಿಸದವನು ಅವನಿಗೆ ಕಳ್ಳತನ ಕಲಿಸಿದ ಹಾಗೆ ಅಂತ ರಬ್ಬಿ ಯೆಹೂದಾ ಅಲ್ಲೇ ಖಡಕ್ಕಾಗಿ ಹೇಳುತ್ತಾರೆ. ಹಿಟ್ಟಿಲ್ಲದಿದ್ದರೆ ತೋರಾ ಇಲ್ಲ ಅನ್ನೋದು ಇನ್ನೊಂದು ಹಳೆಯ ಮಾತು. 12ನೇ ಶತಮಾನದ ಮೈಮೊನಿಡೀಸ್ ಮಹಾ ಧರ್ಮಶಾಸ್ತ್ರಜ್ಞ, ಜೊತೆಗೆ ವೈದ್ಯ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ನನ್ನ ವಿದ್ಯಾರ್ಥಿಗಳೇ. ನಾನು ಹುಡುಕಿ ತೆಗೆದ ಜಾಣತನ ಅಲ್ಲ.

ಎರಡನ್ನೂ ಒಟ್ಟಿಗೆ ಕಲಿಸಿದ ಶಾಲೆಗಳೂ ಕಡಿಮೆ ಇಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ರಬ್ಬಿ ಸ್ಯಾಮ್ಸನ್ ರಾಫೆಲ್ ಹಿರ್ಷ್ 1853ರಲ್ಲೇ ಅಂಥ ಶಾಲೆ ತೆರೆದರು. ಅವರು ಕಟ್ಟಾ ಸಂಪ್ರದಾಯಸ್ಥರು, ಸುಧಾರಣೆಯವರನ್ನು ಖಂಡಿಸಿದವರು. ಮುಂಬೈಯಲ್ಲಿ ಬೆನೆ ಇಸ್ರೇಲ್ ಯಹೂದಿಗಳಿಗಾಗಿ ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ 1875ರಲ್ಲಿ ಕಟ್ಟಿದ ಶಾಲೆಯಲ್ಲಿ ಹೀಬ್ರೂ, ಮರಾಠಿ, ಇಂಗ್ಲಿಷ್ ಒಟ್ಟಿಗೆ ಹೋದವು. ಮ್ಯಾನ್‌ಹಟನ್‌ನ ರಮಾಜ್ ಶಾಲೆಯ ಮಕ್ಕಳು ತಾಲ್ಮುಡ್ಡೂ ಓದುತ್ತಾರೆ, ಕ್ಯಾಲ್ಕುಲಸ್ಸೂ ಓದುತ್ತಾರೆ. ನಾನು ಓದಿದ್ದೂ ಊರಿನ ಒಂದು ಮಠದ ಶಾಲೆಯಲ್ಲಿ. ಬೆಳಿಗ್ಗೆ ವಚನ, ಪ್ರಾರ್ಥನೆ. ಗಂಟೆ ಹೊಡೆದ ಮೇಲೆ ತ್ರಿಕೋನಮಿತಿ. ಸ್ವಾಮಿಗಳು ಎರಡನ್ನೂ ಕೇಳಿ ಪರೀಕ್ಷೆ ಮಾಡುತ್ತಿದ್ದರು.

ಇನ್ನೊಂದು ವಿಚಿತ್ರ ನೋಡಿ. ಹಸೀದಿ ಸಮುದಾಯದಲ್ಲೇ ಹೆಣ್ಣುಮಕ್ಕಳಿಗೆ ಇಂಗ್ಲಿಷ್, ಗಣಿತ ಹುಡುಗರಿಗಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ತಾಲ್ಮುಡ್ ಓದುವುದು ಗಂಡುಮಕ್ಕಳ ಕರ್ತವ್ಯ, ಹೆಣ್ಣುಮಕ್ಕಳದಲ್ಲ. ಆದ್ದರಿಂದ ಅವರ ವೇಳಾಪಟ್ಟಿಯಲ್ಲಿ ಬಿಡುವು ಇದೆ. ಬ್ಯಾಂಕಿನ ಕಾಗದ ಓದುವುದು, ಮಗುವಿನ ಡಾಕ್ಟರ ಜೊತೆ ಮಾತಾಡುವುದು ಎಷ್ಟೋ ಮನೆಗಳಲ್ಲಿ ಹೆಂಡತಿಯ ಪಾಲು. ಒಂದೇ ಮನೆಯ ಅಕ್ಕನಿಗೆ ಬೀಜಗಣಿತ ಕಲಿಸಿದರೆ ಧರ್ಮ ಕೆಡಲಿಲ್ಲ. ತಮ್ಮನಿಗೆ ಕಲಿಸಿದರೆ ಹೇಗೆ ಕೆಡುತ್ತದೆ? ಈ ಪ್ರಶ್ನೆಗೆ ನನಗೆ ಇವತ್ತಿನ ತನಕ ನೇರ ಉತ್ತರ ಸಿಕ್ಕಿಲ್ಲ.

ಸರ್ಕಾರಿ ಶಾಲೆಗಳೂ ಸೋಲುತ್ತಿಲ್ಲವಾ, ಅವುಗಳನ್ನು ಮೊದಲು ಸರಿ ಮಾಡಿ ಅಂತ ಯೆಶಿವಾ ಪರ ವಾದಿಸುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ರಾಜ್ಯದ ಪರೀಕ್ಷೆಯಲ್ಲಿ ಬೇಕಾದ ಮಟ್ಟ ಮುಟ್ಟುವುದಿಲ್ಲ. ಅದು ನಾಚಿಕೆಯ ವಿಷಯವೇ. ಆದರೆ ಅಲ್ಲಿ ಅಂಕಿ ಅಂಶ ಬಹಿರಂಗವಾಗಿದೆ. ಶಾಲೆವಾರು ಯಾರು ಬೇಕಾದರೂ ನೋಡಬಹುದು, ಬೈಯಬಹುದು, ಕೇಳಬಹುದು. ಪಾಠ ಮಾಡಿ ಸೋಲುವುದು ಬೇರೆ, ಪಾಠವನ್ನೇ ಮಾಡದಿರುವುದು ಬೇರೆ.

ಇನ್ನು ತಂದೆ ತಾಯಿಯ ಹಕ್ಕು. 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ಹಕ್ಕು ಪೋಷಕರಿಗೆ ಇದೆ ಎಂದಿತು. ಅದೇ ತೀರ್ಪಿನಲ್ಲಿ, ಶಾಲೆಗಳನ್ನು ಪರಿಶೀಲಿಸುವ ಹಕ್ಕು ರಾಜ್ಯಕ್ಕೆ ಇದೆ ಅಂತಲೂ ಹೇಳಿತು. 1972ರಲ್ಲಿ ಅದೇ ಕೋರ್ಟಿನಲ್ಲಿ, ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದಿಲ್ಲ ಅಂದ ವಿಸ್ಕಾನ್ಸಿನ್‌ನ ಆಮಿಶ್ ಅನ್ನೋ ಸಂಪ್ರದಾಯಸ್ಥ ಕ್ರೈಸ್ತ ಪಂಥದ ಕುಟುಂಬಗಳು ಗೆದ್ದವು. ಎಲ್ಲರೂ ಅದನ್ನೇ ಎತ್ತಿ ಹೇಳುತ್ತಾರೆ. ಆದರೆ ಆ ಆಮಿಶರು ಎಂಟನೇ ತರಗತಿ ತನಕ ಓದು ಬರಹ ಲೆಕ್ಕ ಕಲಿಸುವುದಕ್ಕೆ ಒಪ್ಪಿದ್ದರು. ಅವರು ಬೇಡ ಅಂದದ್ದು ಆಮೇಲಿನ ಎರಡು ವರ್ಷ ಮಾತ್ರ. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಭಾಗಶಃ ಭಿನ್ನ ಅಭಿಪ್ರಾಯ ಬರೆದರು. ಮಗುವಿನ ಭವಿಷ್ಯ ನಿರ್ಧಾರ ಆಗುತ್ತಿರುವಾಗ ಮಗುವನ್ನೂ ಕೇಳಬೇಕು ಅನ್ನುವುದು ಅವರ ನಿಲುವು. ಐವತ್ತು ವರ್ಷ ಕಳೆದರೂ ಆ ಮಗುವನ್ನು ನಾವು ಕೇಳಿಲ್ಲ.

ಕೇಳದೆ ಇರುವುದಕ್ಕೆ ಕಾರಣ ಏನು ಅಂತ ನಮ್ಮ ಊರಿನ ರಾಜಕೀಯ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಮುದಾಯ ಒಟ್ಟಾಗಿ ಓಟು ಹಾಕುತ್ತದೆ ಅಂದರೆ ಚುನಾವಣೆಗೆ ಮುಂಚೆ ಗುರುಗಳ ಆಶೀರ್ವಾದಕ್ಕೆ ಸಾಲು ನಿಲ್ಲುವುದು ಕರ್ನಾಟಕದಲ್ಲೂ ಉಂಟು, ಬ್ರೂಕ್ಲಿನ್‌ನಲ್ಲೂ ಉಂಟು. ಭಾರತದ ಸಂಸತ್ತೇನೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ತಂದಿತು. 2012ರಲ್ಲಿ ಮದರಸಾ, ವೇದ ಪಾಠಶಾಲೆ, ಮುಖ್ಯವಾಗಿ ಧಾರ್ಮಿಕ ಪಾಠ ಹೇಳುವ ಇತರ ಸಂಸ್ಥೆಗಳಿಗೆ ಅದು ಅನ್ವಯಿಸುವುದಿಲ್ಲ ಅಂತ ತಿದ್ದುಪಡಿ ಮಾಡಿತು. ಎಲ್ಲ ಧರ್ಮದ ದೊಡ್ಡವರಿಗೂ ಸಮಾಧಾನ ಆಯಿತು. ಆ ಪಾಠಶಾಲೆಗಳ ಮಕ್ಕಳ ಹಕ್ಕು ಕಾಯ್ದೆಯ ಹೊರಗೆ ಉಳಿಯಿತು. ಹಾಗಾಗಿ ಭಾರತದಿಂದ ಬಂದು ನಿಮಗೆ ಬುದ್ಧಿ ಹೇಳುತ್ತಿದ್ದೇನೆ ಅಂತ ತಿಳಿಯಬೇಡಿ. ಈ ಕತೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತಿರುವವನು ಹೇಳುತ್ತಿದ್ದೇನೆ ಅಷ್ಟೆ.

ಇಸ್ರೇಲ್‌ನಲ್ಲಿ ಇದೇ ಜಗಳ ಇನ್ನೂ ದೊಡ್ಡದು. ಅಲ್ಲಿ 2008ರ ಒಂದು ಕಾನೂನು ಹರೇದಿ, ಅಂದರೆ ಕಟ್ಟಾ ಸಂಪ್ರದಾಯಸ್ಥ ಯಹೂದಿ, ಹುಡುಗರ ಪ್ರೌಢ ಹಂತದ ಯೆಶಿವಾಗಳನ್ನು ಮೂಲ ಪಠ್ಯಕ್ರಮದಿಂದಲೇ ಬಿಡುಗಡೆ ಮಾಡಿತು. ಈಗ ಕೆಲಸ, ಸೈನ್ಯ, ತೆರಿಗೆ ಎಲ್ಲದರಲ್ಲೂ ಆ ಪ್ರಶ್ನೆ ವಾಪಸ್ ಬಂದು ಕಾಡುತ್ತಿದೆ. ಮುಂದೂಡಿದ ಸಮಸ್ಯೆ ಸಣ್ಣದಾಗುವುದಿಲ್ಲ ಅನ್ನುವುದಕ್ಕೆ ಅದೇ ಉದಾಹರಣೆ ಸಾಕು.

ಈಗ ನೀವು ಹಾಕಿರುವ ಗಡುವನ್ನೇ ತೆಗೆದುಕೊಳ್ಳಿ. 2025ರಲ್ಲಿ ಆರು ವರ್ಷದ ಹುಡುಗ ಒಂದನೇ ತರಗತಿಗೆ ಸೇರಿದ ಅಂತ ಇಟ್ಟುಕೊಳ್ಳೋಣ. 2032ಕ್ಕೆ ಅವನಿಗೆ ಹದಿಮೂರು. ಎಷ್ಟೋ ಯೆಶಿವಾಗಳಲ್ಲಿ ಇಂಗ್ಲಿಷ್ ಮತ್ತು ಗಣಿತ ಪೂರ್ತಿ ನಿಲ್ಲುವುದು ಅದೇ ವಯಸ್ಸಿಗೆ. ಅಂದರೆ ನಿಮ್ಮ ಕಾನೂನು ಪೂರ್ತಿ ಜಾರಿಗೆ ಬರುವ ವರ್ಷ ಅವನ ಲೌಕಿಕ ಓದು ಮುಗಿದಿರುತ್ತದೆ. ಈಗ ಶಾಲೆಯಲ್ಲಿರುವ ಒಂದು ಇಡೀ ಪೀಳಿಗೆಯನ್ನು ನೀವು ಲೆಕ್ಕದಿಂದ ಬಿಟ್ಟಿದ್ದೀರಿ. ಅವರೇ ಮುಂದೆ ಹೆಂಡತಿ ಮಕ್ಕಳನ್ನು ಸಾಕಬೇಕಾದಾಗ ನನ್ನಂಥವರ ಸಂಜೆ ತರಗತಿಗೆ ಬರುತ್ತಾರೆ.

ಹಾಗೆ ಬಂದವನೊಬ್ಬನ ಮಾತು ಹೇಳುತ್ತೇನೆ. ಅವನು ಸಮುದಾಯ ಬಿಟ್ಟವನಲ್ಲ. ಕಪ್ಪು ಟೋಪಿ, ಉದ್ದ ಕೋಟು, ಗಡ್ಡ. ದಿನಕ್ಕೆ ಮೂರು ಸಲ ಪ್ರಾರ್ಥನೆ. ಎಲೆಕ್ಟ್ರಿಷಿಯನ್ ಲೈಸೆನ್ಸ್ ತೆಗೆದುಕೊಳ್ಳುವ ಆಸೆ, ಅದಕ್ಕೆ ಗಣಿತ ಬೇಕು. ನಾನು ಸ್ವಲ್ಪ ಕನಿಕರದಿಂದ ಮಾತಾಡಿದೆನೋ ಏನೋ, ಅವನಿಗೆ ಸಿಟ್ಟು ಬಂತು. "ಅಯ್ಯೋ ಪಾಪ ಅನ್ನಬೇಡಿ ಸಾರ್. ನನ್ನ ಬಾಲ್ಯ ಚೆನ್ನಾಗಿತ್ತು. ನನ್ನ ಮೇಷ್ಟ್ರುಗಳು ನನ್ನನ್ನು ಪ್ರೀತಿಸಿದರು. ನನಗೆ ಬೇಕಾಗಿದ್ದು ಇನ್ನೂ ಸ್ವಲ್ಪ ಪಾಠ, ಅಷ್ಟೆ," ಎಂದ. ಅವನ ಮಗ ಈಗ ಅಂಥದೇ ಶಾಲೆಯಲ್ಲಿ ಓದುತ್ತಿದ್ದಾನೆ. ಶಾಲೆಗೆ ಹೋಗಿ ಇಂಗ್ಲಿಷ್ ಜಾಸ್ತಿ ಕಲಿಸಿ ಅಂತ ಕೇಳಬಾರದಾ ಅಂದೆ. ಅವನು ನಕ್ಕ. ಕೇಳಿದರೆ ಮಗನಿಗೆ ಅಲ್ಲಿ ಜಾಗ ಇರುವುದಿಲ್ಲ. ಬೇರೆ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಆಮೇಲೆ ತಂಗಿಗೆ ಗಂಡು ಸಿಗುವುದು ಕಷ್ಟ. ಇದು ನಮ್ಮ ಕಡೆಯವರಿಗೆ ಅರ್ಥವಾಗದ ಮಾತಲ್ಲ. ತಂಗಿಯ ಸಂಬಂಧ ಮುರಿದುಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡ ಅಣ್ಣಂದಿರು ನಮ್ಮ ಊರುಗಳಲ್ಲಿ ಎಷ್ಟು ಜನ ಇಲ್ಲ?

ಪೋಷಕರು ಇದನ್ನೇ ಬಯಸುತ್ತಾರೆ, ಯಾರೂ ದೂರು ಕೊಟ್ಟಿಲ್ಲ ಅಂತ ನಿಮ್ಮ ಕಚೇರಿಗೆ ಬಂದು ಹೇಳುವವರಿದ್ದಾರೆ. ಹೌದು, ಲಕ್ಷಗಟ್ಟಲೆ ಪತ್ರಗಳು ನಿಯಮಗಳ ವಿರುದ್ಧ ಬಂದವು. ಅವುಗಳಲ್ಲಿ ಬಹಳಷ್ಟು ಮನಸಾರೆ ಬರೆದವೇ ಇರಬಹುದು. ಆದರೆ ಬರೆಯಲಾಗದವರು ಎಷ್ಟು ಅಂತ ಯಾರೂ ಎಣಿಸಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆಗಳು ಇವು. ಎಲ್ಲಕ್ಕಿಂತ ಮುಖ್ಯವಾಗಿ, 2025ರ ತಿದ್ದುಪಡಿಯನ್ನು ವಾಪಸ್ ತೆಗೆದುಕೊಳ್ಳಿ. ನ್ಯಾಯಾಲಯ ಎತ್ತಿಹಿಡಿದ 2022ರ ನಿಯಮಗಳು ಇದ್ದ ಹಾಗೆ ನಡೆಯಲಿ. ರಾಜಕೀಯವಾಗಿ ಅದು ಆಗುವುದಿಲ್ಲ ಅಂತಾದರೆ ಕನಿಷ್ಠ ಗಡುವನ್ನಾದರೂ 2032ಕ್ಕಿಂತ ಮುಂಚೆಗೆ ತನ್ನಿ. ಪರೀಕ್ಷೆಯ ದಾರಿ ಆರಿಸಿಕೊಂಡ ಶಾಲೆಯಲ್ಲಿ ಆಯ್ದ ಕೆಲವು ಮಕ್ಕಳಲ್ಲ, ಎಲ್ಲ ಮಕ್ಕಳೂ ಪರೀಕ್ಷೆಗೆ ಕೂರಬೇಕು. ಫಲಿತಾಂಶ ಸರ್ಕಾರಿ ಶಾಲೆಯದರ ಹಾಗೆ ಶಾಲೆವಾರು ಪ್ರಕಟವಾಗಬೇಕು. ಹಣ ಪಡೆಯುವ ಶಾಲೆಗೆ ಇದು ಹೊರೆ ಅಲ್ಲ. ಹದಿಮೂರರಿಂದ ಹದಿನಾರರ ಹುಡುಗರನ್ನು ಮರೆಯಬೇಡಿ. ಎಂಟನೇ ತರಗತಿ ತನಕದ ಮಾತೇ ಎಲ್ಲ ಚರ್ಚೆಯಲ್ಲೂ ಕೇಳಿಬರುತ್ತದೆ. ನನ್ನ ಬಳಿ ಬರುವವರು ಕಳೆದುಕೊಂಡದ್ದು ಹೆಚ್ಚಾಗಿ ಆಮೇಲಿನ ವರ್ಷಗಳಲ್ಲಿ.

ಬರೀ ದಂಡ, ನೋಟಿಸು ಸಾಲದು. ಅದನ್ನೂ ಒಪ್ಪುತ್ತೇನೆ. ಈ ಶಾಲೆಗಳಿಗೆ ಗಣಿತ ಮತ್ತು ಇಂಗ್ಲಿಷ್ ಕಲಿಸಲು ತರಬೇತಿ ಪಡೆದ ಶಿಕ್ಷಕರು ಬೇಕು. ಸಮುದಾಯದ ಒಳಗಿನಿಂದಲೇ ಅವರನ್ನು ತಯಾರು ಮಾಡಲು ರಾಜ್ಯ ಖರ್ಚು ಮಾಡಲಿ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಇಂಗ್ಲಿಷ್, ಗಣಿತ ಚೆನ್ನಾಗಿ ಬಲ್ಲ ಶಿಕ್ಷಕಿಯರು ಇದ್ದಾರೆ, ಪಠ್ಯ ಬರೆಯುವ ಕೆಲಸ ಅವರಿಗೆ ಕೊಡಿ. ಆ ಮನೆಗಳ ಮಡಿ ಮುಜುಗರಕ್ಕೆ ಒಗ್ಗುವ ಚಿತ್ರ, ಉದಾಹರಣೆ ಇರುವ ಪುಸ್ತಕ ಬರಲಿ, ನನಗೇನೂ ತಕರಾರಿಲ್ಲ. ಚೌಕದ ಕರ್ಣದ ಲೆಕ್ಕವನ್ನು ತಾಲ್ಮುಡ್‌ನಿಂದಲೇ ಶುರು ಮಾಡಿ ದಶಮಾಂಶಕ್ಕೆ ತರಬಹುದು. ನಾನೀಗ ತರಗತಿಯಲ್ಲಿ ಹಾಗೇ ಮಾಡುತ್ತೇನೆ, ಕೆಲಸ ಮಾಡುತ್ತದೆ. ತಾಲ್ಮುಡ್ ಓದಿನಿಂದ ಬರುವ ತರ್ಕದ ಶಕ್ತಿಗೆ ಎಲ್ಲಿ ನ್ಯಾಯವಾಗಿ ಅಂಕ ಕೊಡಬಹುದೋ ಅಲ್ಲಿ ಕೊಡಿ. ಅದನ್ನೇ ನೆಪ ಮಾಡಿ ವಿಜ್ಞಾನವನ್ನು ಬಿಡಲು ಮಾತ್ರ ಬಿಡಬೇಡಿ.

ಮಗನಿಗೆ ಇಂಗ್ಲಿಷ್ ಕಲಿಸಿ ಅಂತ ಕೇಳಿದ ಅಪ್ಪನ ಮಗುವನ್ನು ಶಾಲೆಯಿಂದ ತೆಗೆದರೆ ಅದಕ್ಕೆ ಶಿಕ್ಷೆ ಇರಬೇಕು. ಹೆಸರು ಹೊರಗೆ ಬಾರದ ಹಾಗೆ, ಯಿಡ್ಡಿಷ್‌ನಲ್ಲೇ ದೂರು ಕೊಡುವ ವ್ಯವಸ್ಥೆ ಬೇಕು. ತೆಗೆದುಕೊಂಡ ದೂರಿಗೆ ಎಂಟು ವರ್ಷ ಅಲ್ಲ, ಒಂದು ಶಾಲಾ ವರ್ಷದ ಒಳಗೆ ಉತ್ತರ ಸಿಗಬೇಕು.

ಶಾಲೆ ದಾಟಿ ಹೊರಗೆ ಬಂದವರ ಪಾಲು ಇನ್ನೂ ಉಳಿದಿದೆ. ಅವರು ಕಲಿಯದೆ ಹೋದದ್ದು ಅವರ ತಪ್ಪಲ್ಲ, ಕಾನೂನು ಇಟ್ಟುಕೊಂಡೂ ಜಾರಿ ಮಾಡದ ರಾಜ್ಯದ ತಪ್ಪು. ವಯಸ್ಕರ ಸಂಜೆ ತರಗತಿಗಳಿಗೆ ಹಣ ಇಡಿ. ನಮ್ಮಲ್ಲಿ ಕೂರಲು ಜಾಗ ಸಾಲದೆ ಬಂದವರನ್ನು ಕಾಯುವ ಪಟ್ಟಿಯಲ್ಲಿ ಬರೆದುಕೊಂಡು ವಾಪಸ್ ಕಳಿಸುತ್ತಿದ್ದೇವೆ.

ರಾಜ್ಯದ ಹೊಸ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಬಜೆಟ್ಟಿನ ಒಳಗೆ ಸೇರಿಸಿ ಮಾಡಿದ ತಪ್ಪನ್ನು ಬಜೆಟ್ಟಿನ ಒಳಗೇ ಸರಿ ಮಾಡಬಹುದು. ಈ ಸಲ ರಾತ್ರೋರಾತ್ರಿ ಬೇಡ, ಬಹಿರಂಗ ವಿಚಾರಣೆ ಇಟ್ಟು ಮಾಡಿ. ಅಲ್ಲಿ ರಬ್ಬಿಗಳೂ ಮಾತಾಡಲಿ, ಯಾಫೆಡ್‌ನವರೂ ಮಾತಾಡಲಿ. ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರು ಆಲ್ಬನಿಗೆ ಬಂದು ತಮ್ಮ ಮಾತು ಹೇಳಲು ಒಪ್ಪಿದ್ದಾರೆ. ಹೆಸರು ಮಾತ್ರ ಕೇಳಬಾರದು ಅನ್ನುವುದು ಅವರ ಷರತ್ತು. ವಿಚಾರಣೆಯ ದಿನಾಂಕ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಬ್ರೂಕ್ಲಿನ್‌ನ ಒಬ್ಬ ಕನ್ನಡಿಗ, ಸಂಜೆ ತರಗತಿಯ ಗಣಿತ ಮೇಷ್ಟ್ರು